ಬೋರ್ ಮಾಡಿಸುವ ಮುನ್ನ ಟ್ಯಾಪೆಟ್ ಕವರ್ ತೆಗೆದು ನೋಡಿ

ನಮ್ಮ ಕಡೆ ಹಳೆಯ ಟ್ರ್ಯಾಕ್ಟರ್ ನೀಲಿ ಹೊಗೆ ಬಿಟ್ಟರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ‘ಬೋರ್ ಬಂದದ, ಎಂಜಿನ್ ಇಳಿಸ್ರಿ.’ ಬೋರ್ ಎಂದರೆ ಲೈನರ್, ಪಿಸ್ಟನ್, ರಿಂಗ್, ಮೆಟಲ್, ಗ್ಯಾಸ್ಕೆಟ್ ಸೆಟ್. ಅದರ ಮೇಲೆ ಲೇತ್ ಕೆಲಸ, ಕೂಲಿ. ಹತ್ತಾರು ಸಾವಿರ ರೂಪಾಯಿ, ಹದಿನೈದು ದಿನ. ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ಗದ್ದೆ ಹದಿನೈದು ದಿನ ಯಾರಿಗೂ ಕಾಯುವುದಿಲ್ಲ. ದುಡ್ಡು ಹೊಂದಿಸಲಾಗದವರು ಹಳೆಯ ಗಾಡಿಯನ್ನು ಗುಜರಿ ಲೆಕ್ಕಕ್ಕೆ ಕೊಟ್ಟು, ಸಾಲ ಮಾಡಿ ಹೊಸದು ತರುತ್ತಾರೆ. ಆ ಹೊಗೆ ಎಲ್ಲಿಂದ ಬರುತ್ತಿದೆ ಎಂದು ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ತೆಗೆದು ನೋಡುವವರು ಕಡಿಮೆ. ಕೆಲವೇ ನಟ್ಟು ಬಿಚ್ಚುವ ಕೆಲಸ ಅದು.

ಹಳೆಯ ಎಂಜಿನ್ನಿನಲ್ಲಿ ಎಣ್ಣೆ ಇದೆಯೇ ಎಂದು ಡಿಪ್‌ಸ್ಟಿಕ್ ಎಳೆದು ನೋಡಿದರೆ ಸಾಲದು, ಅದು ಎಲ್ಲಿಗೆ ಎಷ್ಟು ಹೋಗುತ್ತಿದೆ ಎಂದು ಕೇಳಬೇಕು ಎಂಬುದು ನನ್ನ ವಾದ. ಈ ಪ್ರಶ್ನೆಯನ್ನು ಕೇಳಬೇಕಾದವರು ನಾವು, ಮೆಕ್ಯಾನಿಕಲ್ ಓದುತ್ತಿರುವವರು. ‘ಲೂಬ್ರಿಕೇಶನ್ ಸಿಸ್ಟಮ್’ ಎಂಬ ಪ್ರಶ್ನೆಗೆ ಹತ್ತು ಅಂಕದ ಚಿತ್ರ ಬರೆದು ಪಾಸಾಗಿದ್ದೇವೆ. ಆ ಚಿತ್ರದಲ್ಲಿ ಬಾಣದ ಗುರುತುಗಳು ಎಲ್ಲ ಕಡೆಗೂ ಒಂದೇ ದಪ್ಪ ಇರುತ್ತವೆ. ನಿಜವಾದ ಎಂಜಿನ್ನಿನಲ್ಲಿ ಹಾಗಿರುವುದಿಲ್ಲ.

ನಾನು ಬೋನಾಳದವನು. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಪಕ್ಷಿಧಾಮದಿಂದ. ನಮಗೆ ಅದು ಮೊದಲು ಕೆರೆ, ಸುರಪುರದ ನಾಯಕರ ಕಾಲದ್ದು. ಕೆರೆ ಮತ್ತು ಕಾಲುವೆ ನೋಡಿ ಬೆಳೆದವರಿಗೆ ಎಂಜಿನ್ನಿನ ಎಣ್ಣೆ ಹಾದಿ ಅರ್ಥ ಮಾಡಿಸುವುದು ಸುಲಭ. ಎಂಜಿನ್ನಿನ ಕೆಳಗೆ ಎಣ್ಣೆ ತುಂಬಿರುವ ಚೇಂಬರ್ ಇದೆಯಲ್ಲ, ಅದು ಜಲಾಶಯ. ಅಲ್ಲಿಂದ ಪಂಪು ಎಣ್ಣೆಯನ್ನು ಎತ್ತುತ್ತದೆ. ಒತ್ತಡ ಮಿತಿ ಮೀರಿದರೆ ಒಂದು ಸ್ಪ್ರಿಂಗ್ ವಾಲ್ವು ತೆರೆದು ಹೆಚ್ಚಾದ ಎಣ್ಣೆಯನ್ನು ಚೇಂಬರಿಗೇ ವಾಪಸು ಬಿಡುತ್ತದೆ, ಅದು ಕೋಡಿ. ಫಿಲ್ಟರ್ ದಾಟಿದ ಎಣ್ಣೆ ಬ್ಲಾಕಿನ ಉದ್ದಕ್ಕೂ ಕೊರೆದ ದೊಡ್ಡ ರಂಧ್ರದಲ್ಲಿ ಹರಿಯುತ್ತದೆ. ಅದು ಮುಖ್ಯ ಕಾಲುವೆ. ಅಲ್ಲಿಂದ ಕ್ರ್ಯಾಂಕ್‌ಶಾಫ್ಟಿನ ಮೇನ್ ಬೇರಿಂಗ್, ಅದರೊಳಗಿನ ರಂಧ್ರಗಳಿಂದ ಕನೆಕ್ಟಿಂಗ್ ರಾಡಿನ ಬೇರಿಂಗ್, ಇನ್ನೊಂದು ಕಡೆ ಕ್ಯಾಮ್‌ಶಾಫ್ಟ್. ಇವು ವಿತರಣಾ ಕಾಲುವೆಗಳು. ಕಟ್ಟಕಡೆಗೆ ಒಂದು ಸಣ್ಣ ಹಾದಿ ಮೇಲಕ್ಕೆ ಹತ್ತಿ ಹೆಡ್ಡಿನ ಮೇಲೆ ಕುಳಿತ ರಾಕರ್ ಶಾಫ್ಟ್ ಸೇರುತ್ತದೆ. ಅದೇ ಟೇಲೆಂಡ್.

ನಾರಾಯಣಪುರ ಎಡದಂಡೆ ಕಾಲುವೆಯ ಟೇಲೆಂಡ್ ರೈತರ ಕಷ್ಟ ಯಾದಗಿರಿ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಮೇಲಿನವರು ಹೆಚ್ಚು ಎಳೆದುಕೊಂಡರೆ ಕೆಳಗಿನವರಿಗೆ ನೀರು ಮುಟ್ಟುವುದಿಲ್ಲ. ಎಂಜಿನ್ನಿನಲ್ಲೂ ಹಾಗೆಯೇ. ಬೇರಿಂಗುಗಳು ಸವೆದರೆ ಎಣ್ಣೆ ಅಲ್ಲೇ ಸೋರಿ ಕೆಳಗೆ ಬೀಳುತ್ತದೆ, ರಾಕರ್ ತನಕ ಬರುವುದಿಲ್ಲ. ಈ ಸೋರಿಕೆಯ ಲೆಕ್ಕ ಬಲು ಕಠೋರ. ಬೇರಿಂಗಿನ ಸಂದು ಎರಡು ಪಟ್ಟಾದರೆ ಅದರ ಮೂಲಕ ಹರಿಯುವ ಎಣ್ಣೆ ಎರಡು ಪಟ್ಟಲ್ಲ, ಎಂಟು ಪಟ್ಟು. ಹರಿವು ಸಂದಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು, 0.05 ಮಿ.ಮೀ. ಇದ್ದ ಸಂದು 0.15 ಮಿ.ಮೀ. ಆಯಿತು ಎಂದುಕೊಳ್ಳಿ, ಹರಿವು 27 ಪಟ್ಟು. ತರಗತಿಯಲ್ಲಿ ಈ ಸೂತ್ರ ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕೈಯಲ್ಲಿ ಸವೆದ ಮೆಟಲ್ ಹಿಡಿದಾಗ ಆ ಘನದ ಗುರುತು ಎಷ್ಟು ದೊಡ್ಡದೆಂದು ತಿಳಿಯಿತು.

ಆದರೆ ಕಾಲುವೆಯ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಎಂಜಿನ್ನಿನ ಟೇಲೆಂಡಿಗೆ ಎಣ್ಣೆ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ರಾಕರುಗಳು ನಿಮಿಷಕ್ಕೆ ನೂರಾರು ಸಲ ಮೇಲೆ ಕೆಳಗೆ ಆಡುತ್ತವೆ ನಿಜ, ಆದರೆ ಅವುಗಳ ಮೇಲಿನ ಭಾರ ಕ್ರ್ಯಾಂಕಿನ ಬೇರಿಂಗುಗಳ ಮೇಲಿನಷ್ಟು ಇರುವುದಿಲ್ಲ. ಅವಕ್ಕೆ ಬೇಕಾಗುವುದು ಜಿನುಗು. ಅಲ್ಲಿಗೆ ಕಾರಂಜಿಯಂತೆ ಎಣ್ಣೆ ಹಾರಿದರೆ ಅದು ವಾಲ್ವಿನ ಸ್ಪ್ರಿಂಗುಗಳ ಸುತ್ತ ನಿಲ್ಲುತ್ತದೆ. ವಾಲ್ವಿನ ಕಡ್ಡಿ ಆಡುವ ಗೈಡ್ ಹಳೆಯ ಎಂಜಿನ್ನಿನಲ್ಲಿ ಸವೆದಿರುತ್ತದೆ, ರಬ್ಬರ್ ಸೀಲ್ ಗಟ್ಟಿಯಾಗಿ ಒಡೆದಿರುತ್ತದೆ, ಅಥವಾ ಆ ಕಾಲದ ವಿನ್ಯಾಸದಲ್ಲಿ ಸೀಲೇ ಇರುವುದಿಲ್ಲ. ನಿಂತ ಎಣ್ಣೆ ಆ ಗೈಡಿನ ಸಂದಿನಿಂದ ಇಳಿದು ಸಿಲಿಂಡರ್ ಸೇರಿ ಸುಡುತ್ತದೆ. ಅದೇ ನೀಲಿ ಹೊಗೆ.

ರಿಂಗ್ ಸವೆದರೂ ನೀಲಿ ಹೊಗೆಯೇ ಬರುವುದರಿಂದ ಎರಡೂ ಒಂದೇ ಎಂದುಕೊಂಡು ಎಂಜಿನ್ ಇಳಿಸಿಬಿಡುತ್ತಾರೆ. ಆದರೆ ಎರಡಕ್ಕೂ ಗುರುತು ಬೇರೆ. ರಿಂಗ್ ಹೋದ ಎಂಜಿನ್ನು ಭಾರ ಎಳೆಯುವಾಗ ಬಿಡದೆ ಹೊಗೆಯಾಡುತ್ತದೆ; ಉರಿದ ಗಾಳಿ ರಿಂಗ್ ದಾಟಿ ಕೆಳಗಿಳಿಯುವುದರಿಂದ ಬ್ರೀದರ್ ಪೈಪಿನಲ್ಲಿ ಬುಸುಬುಸು ಎನ್ನುತ್ತದೆ; ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಗೈಡಿನಿಂದ ಎಣ್ಣೆ ಇಳಿಯುವ ಎಂಜಿನ್ನು ಹಾಗಲ್ಲ. ರಾತ್ರಿಯಿಡೀ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ದಟ್ಟವಾಗಿ ಉಗುಳಿ ತಿಳಿಯಾಗುತ್ತದೆ. ಬಹಳ ಹೊತ್ತು ಐಡಲಿನಲ್ಲಿ ಬಿಟ್ಟು ರೇಸ್ ಕೊಟ್ಟರೆ ಮತ್ತೊಮ್ಮೆ ಉಗುಳುತ್ತದೆ. ರಂಟೆ ಹೊಡೆಯುವಾಗ ಹೆಚ್ಚು ಕಡಿಮೆ ಸರಿ ಇರುತ್ತದೆ. ಕಪ್ಪು ಹೊಗೆ, ಬಿಳಿ ಹೊಗೆ ಬೇರೆಯೇ ಕಥೆ; ಕಪ್ಪಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ, ಬಿಳಿಯಾದರೆ ಉರಿಯದ ಡೀಸೆಲ್ ಅಥವಾ ನೀರು.

ಇದನ್ನೆಲ್ಲ ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಮುತ್ಯಾ ಸೆಕೆಂಡ್ ಹ್ಯಾಂಡ್ ತಂದ ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಇದೆ, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯದು. ಕಂಪನಿಯ ಹೆಸರು ಬೇಡ. ಇಷ್ಟು ವರ್ಷ ದುಡಿದದ್ದಕ್ಕೆ ಕಂಪನಿಯನ್ನು ಹೊಗಳಬೇಕೇ ಹೊರತು ದೂರುವಂಥದ್ದಿಲ್ಲ. ಎರಡು ವರ್ಷದ ಹಿಂದೆ ಕಾಕಾ ಅದನ್ನು ಪೂರ್ತಿ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಹೊಸ ಸೀಟು, ಹೊಸ ಲೈಟು ಹಾಕಿಸಿದ್ದರು. ಹೆಡ್ ಕೆಲಸವೂ ಆಗಲೇ ಆಗಿತ್ತು. ಆಮೇಲೆಯೇ ಹೊಗೆ ಶುರುವಾದದ್ದು. ಒಂದು ಗ್ಯಾರೇಜಿನವರು ಹೊರಗಿನಿಂದಲೇ ನೋಡಿ ಬೋರ್ ಎಂದರು. ಇನ್ನೊಬ್ಬರು, ‘ದಪ್ಪ ಆಯಿಲ್ ಹಾಕ್ರಿ, ಹೊಗಿ ನಿಂದರ್ತದ’ ಎಂದರು. ದಪ್ಪ ಎಣ್ಣೆ ಹಾಕಿದ್ದೂ ಆಯಿತು. ಹೊಗೆ ಸ್ವಲ್ಪ ಕಡಿಮೆಯಾದಂತೆ ಕಂಡಿತು, ಗೇಜಿನ ಮುಳ್ಳು ಮೇಲೇರಿತು, ಎಲ್ಲರಿಗೂ ಸಮಾಧಾನವಾಯಿತು. ಒಂದು ತಿಂಗಳಲ್ಲಿ ಮತ್ತೆ ಅದೇ ಹೊಗೆ.

ಸೆಮಿಸ್ಟರ್ ರಜೆಗೆ ಬಂದಾಗ ಕಾಕಾನ ಜೊತೆ ಕೂತು ಮೊದಲು ಹೊಗೆ ಯಾವಾಗ ಬರುತ್ತದೆ ಎಂದು ಮೂರು ದಿನ ಬರೆದಿಟ್ಟೆವು. ಬೆಳಿಗ್ಗೆ ಸ್ಟಾರ್ಟಿಗೆ ಒಮ್ಮೆ, ನಿಲ್ಲಿಸಿ ಹರಟೆ ಹೊಡೆದು ಹೊರಟಾಗ ಒಮ್ಮೆ. ಟ್ರಾಲಿ ಎಳೆಯುವಾಗ ಇಲ್ಲ. ಬ್ರೀದರ್ ಪೈಪಿಗೆ ಅಂಗೈ ಹಿಡಿದರೆ ಗಾಳಿ ಅಷ್ಟೇನೂ ಇರಲಿಲ್ಲ. ಡೀಸೆಲ್ ಪಂಪ್ ಕೆಲಸ ಮಾಡುವವರೊಬ್ಬರನ್ನು ಕರೆಸಿ ಇಂಜೆಕ್ಟರ್ ತೆಗೆದು ಅದರ ಜಾಗದಲ್ಲಿ ಗೇಜ್ ಕೂರಿಸಿ ಕಂಪ್ರೆಷನ್ ನೋಡಿದೆವು. ಮೂರೂ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ಸಮ ಇದ್ದವು, ಚೆನ್ನಾಗಿಯೇ ಇದ್ದವು. ಬೋರಿನ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ಆಮೇಲೆ ಟ್ಯಾಪೆಟ್ ಕವರ್ ತೆಗೆದು, ಎಂಜಿನ್ ಬಿಸಿ ಮಾಡಿ, ಐಡಲಿನಲ್ಲಿ ಬಿಟ್ಟು ನೋಡಿದೆವು. (ಯಾರಾದರೂ ಮಾಡುವುದಾದರೆ ಶಾಲು, ಸಡಿಲ ತೋಳಿನ ಅಂಗಿ ಬೇಡ, ಬಿಸಿ ಎಣ್ಣೆ ಮುಖಕ್ಕೆ ಸಿಡಿಯುತ್ತದೆ.) ರಾಕರ್ ಒಂದೊಂದರಿಂದ ಜಿನುಗಬೇಕಾದ ಎಣ್ಣೆ ಸುರಿಯುತ್ತಿತ್ತು. ಹೆಡ್ಡಿನ ಮೇಲೆ ಎಣ್ಣೆ ನಿಂತು ಸ್ಪ್ರಿಂಗುಗಳ ಬುಡ ಮುಳುಗಿತ್ತು. ನಿಲ್ಲಲು ಕಾರಣವೂ ಇತ್ತು: ಕೆಳಗೆ ಇಳಿಯುವ ರಂಧ್ರಗಳಲ್ಲಿ ವರ್ಷಗಳ ಮಡ್ಡಿ ಕಟ್ಟಿಕೊಂಡಿತ್ತು. ಒಳಹರಿವು ಹೆಚ್ಚು, ಹೊರಹರಿವು ಕಡಿಮೆ. ಕೆರೆ ಊರಿನವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ.

ಒಳಹರಿವು ಯಾಕೆ ಹೆಚ್ಚಾಯಿತು ಎನ್ನುವುದು ನನಗೆ ಬಲು ಇಷ್ಟವಾದ ಭಾಗ. ಹಳೆಯ ಎಂಜಿನ್ ತಯಾರಕರಿಗೆ ಈ ಟೇಲೆಂಡಿನ ಸಮಸ್ಯೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಸೆನ್ಸರ್ ಇಲ್ಲದೆ, ಬರೀ ರಂಧ್ರಗಳಿಂದಲೇ ಉಪಾಯ ಮಾಡಿದ್ದರು. ಕೆಲವು ಎಂಜಿನ್ನುಗಳಲ್ಲಿ ರಾಕರಿಗೆ ಹೋಗುವ ಎಣ್ಣೆ ಕ್ಯಾಮ್‌ಶಾಫ್ಟಿನ ಒಂದು ಬೇರಿಂಗ್ ದಾಟಿ ಹೋಗುತ್ತದೆ. ಶಾಫ್ಟ್ ತಿರುಗುವಾಗ ಅದರಲ್ಲಿನ ರಂಧ್ರವೋ ಕೊರೆದ ಗಾಡಿಯೋ ಬ್ಲಾಕಿನ ರಂಧ್ರಕ್ಕೆ ಎದುರಾದ ಕ್ಷಣ ಮಾತ್ರ ಎಣ್ಣೆ ಮೇಲಕ್ಕೆ ಚಿಮ್ಮುತ್ತದೆ, ಉಳಿದ ಹೊತ್ತು ದಾರಿ ಬಂದ್. ನಮ್ಮ ಕಾಲುವೆಯ ವಾರಬಂದಿ ಪದ್ಧತಿ ಇದೇ ಅಲ್ಲವೇ? ಇನ್ನು ಕೆಲವಲ್ಲಿ ಹಾದಿಯ ಮಧ್ಯೆ ಒಂದು ಸಣ್ಣ ರಂಧ್ರದ ತಡೆ ಇರುತ್ತದೆ. ಪರ್ಕಿನ್ಸ್ ವಿನ್ಯಾಸದ ಹಳೆಯ ಎಂಜಿನ್ನುಗಳಲ್ಲಿ ಇನ್ನೂ ಸೊಗಸಾದ ವ್ಯವಸ್ಥೆ ಇದೆ. ರಾಕರ್ ಶಾಫ್ಟಿನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವಂತೆ ಒಂದು ಸೀಳು ಇರುತ್ತದೆ. ಶಾಫ್ಟನ್ನು ಅದರಿಂದ ಸ್ವಲ್ಪ ತಿರುಗಿಸಿದರೆ ಎಣ್ಣೆಯ ರಂಧ್ರಗಳ ಹೊಂದಾಣಿಕೆ ಬದಲಾಗಿ ಹರಿವು ಹೆಚ್ಚು ಕಡಿಮೆಯಾಗುತ್ತದೆ. ಸೀಳು ಯಾವ ಕೋನದಲ್ಲಿರಬೇಕು ಎಂದು ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುತ್ತದೆ. ನೋಡಿದವರಿಗೆ ಅದು ಶಾಫ್ಟ್ ಬಿಚ್ಚಲು ಇರುವ ಸೀಳು ಎನಿಸುತ್ತದೆ. ನಿಜವಾಗಿ ಅದು ತೂಬಿನ ಹಿಡಿ.

ನಮ್ಮ ಶಾಫ್ಟಿಗೂ ಅಂಥ ಸೀಳಿತ್ತು. ಹೆಡ್ ಕೆಲಸ ಮಾಡಿದವರು ಶಾಫ್ಟನ್ನು ವಾಪಸು ಕೂರಿಸುವಾಗ ತೂಬನ್ನು ಪೂರ್ತಿ ತೆರೆದಿಟ್ಟಿದ್ದರು. ಗೊತ್ತಿಲ್ಲದೆ ಮಾಡಿದರೋ, ಎಣ್ಣೆ ಹೆಚ್ಚಿದ್ದಷ್ಟು ಒಳ್ಳೆಯದು ಎಂದು ಬೇಕೆಂದೇ ಮಾಡಿದರೋ, ಅವರನ್ನು ಕೇಳಲು ಹೋಗಲಿಲ್ಲ. ಯಾರೂ ಅವರಿಗೆ ಆ ಪುಸ್ತಕ ಕೊಟ್ಟಿರಲಿಲ್ಲ, ಕೊಟ್ಟಿದ್ದರೂ ಅದು ಇಂಗ್ಲಿಷಿನಲ್ಲಿತ್ತು.

ಇಲ್ಲಿ ಕಾಕಾನಿಗೂ ನನಗೂ ಸಣ್ಣ ಜಗಳವಾಯಿತು. ಮಡ್ಡಿ ತೆಗೆಯುವುದು, ಶಾಫ್ಟ್ ತಿರುಗಿಸುವುದು, ಸವೆದ ಗೈಡ್ ಬದಲಿಸುವುದು, ಮೂರನ್ನೂ ಒಮ್ಮೆಗೇ ಮಾಡಿ ಮುಗಿಸು ಎಂದು ಅವರು. ಒಂದೊಂದೇ ಮಾಡಿ ನೋಡೋಣ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ ಎಂದು ನಾನು. ‘ಒಂದೊಂದ ಮಾಡ್ಲಾಕ ಇದೇನು ಲಗ್ನದ ಶಾಸ್ತ್ರೇನು?’ ಎಂದು ಕಾಕಾ ಬೈದರೂ ಕೊನೆಗೆ ಒಪ್ಪಿದರು. ಮೊದಲು ಡೀಸೆಲ್ ಮತ್ತು ತಂತಿ ಬ್ರಷ್ಷಿನಿಂದ ರಂಧ್ರಗಳನ್ನು ತೆರೆದೆವು, ತೊಳೆದ ಎಣ್ಣೆಯನ್ನೆಲ್ಲ ಚೆಲ್ಲಿ ಹೊಸ ಎಣ್ಣೆ ಹಾಕಿದೆವು. ಈ ಸಲ ದಪ್ಪದ್ದಲ್ಲ, ಆ ಎಂಜಿನ್ನಿಗೆ ಹೇಳಿದ ದರ್ಜೆಯದ್ದು. ಹೊಗೆ ಸ್ವಲ್ಪ ತಗ್ಗಿತು. ಎರಡು ದಿನ ಬಿಟ್ಟು, ಎಂಜಿನ್ ನಿಲ್ಲಿಸಿ, ಶಾಫ್ಟ್ ಹಿಡಿದಿರುವ ಬೋಲ್ಟ್ ಸಡಿಲಿಸಿ, ಸೀಳನ್ನು ಮ್ಯಾನ್ಯುಯಲ್ ಹೇಳಿದಲ್ಲಿಗೆ ತಂದು ಬಿಗಿ ಮಾಡಿದೆವು. ಸುರಿಯುತ್ತಿದ್ದದ್ದು ಜಿನುಗಿಗೆ ಬಂತು. ಆರೂ ರಾಕರುಗಳು ಒದ್ದೆಯಾಗಿಯೇ ಇದ್ದವು. ಅದನ್ನು ಖಚಿತ ಮಾಡಿಕೊಂಡೇ ಕವರ್ ಮುಚ್ಚಿದ್ದು. ಬೆಳಗಿನ ಹೊಗೆ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದು ಗೈಡುಗಳ ಪಾಲಿನದು. ಅವನ್ನು ಕೊಯ್ಲು ಮುಗಿದ ಮೇಲೆ ಲೇತಿನವರ ಬಳಿ ಬದಲಿಸಿದೆವು. ಲೈನರ್, ಪಿಸ್ಟನ್ ಮುಟ್ಟಲೇ ಇಲ್ಲ.

ದಪ್ಪ ಎಣ್ಣೆಯ ಮಾತಿಗೆ ಮತ್ತೆ ಬರಬೇಕು, ಯಾಕೆಂದರೆ ಹಳ್ಳಿಯಲ್ಲಿ ಅತಿ ಹೆಚ್ಚು ಮೋಸ ಮಾಡುವ ಸಾಧನ ಆಯಿಲ್ ಪ್ರೆಷರ್ ಗೇಜ್. ಗೇಜ್ ತೋರಿಸುವುದು ಒತ್ತಡವನ್ನು, ಹರಿವನ್ನಲ್ಲ. ಕಾಲುವೆಗೆ ಅಡ್ಡ ಹಲಗೆ ಇಟ್ಟರೆ ಹಲಗೆಯ ಹಿಂದೆ ನೀರಿನ ಮಟ್ಟ ಏರುತ್ತದೆ; ಅಷ್ಟಕ್ಕೆ ಕೆಳಗಿನ ಹೊಲಕ್ಕೆ ನೀರು ಹೆಚ್ಚು ಹೋಯಿತು ಎನ್ನುತ್ತೇವೆಯೇ? ದಪ್ಪ ಎಣ್ಣೆ ಸಂದುಗಳಲ್ಲಿ ಸುಲಭವಾಗಿ ಸೋರದ ಕಾರಣ ಮುಳ್ಳು ಮೇಲೇರುತ್ತದೆ. ಆದರೆ ಚಳಿಯ ಬೆಳಿಗ್ಗೆ ಅದೇ ಎಣ್ಣೆ ಸಣ್ಣ ರಂಧ್ರಗಳಲ್ಲಿ ತೆವಳುತ್ತದೆ, ಟೇಲೆಂಡಿಗೆ ಮುಟ್ಟುವಷ್ಟರಲ್ಲಿ ರಾಕರ್ ಒಣಗಿಯೇ ಆಡಿರುತ್ತದೆ. ಮುಳ್ಳು ನೋಡಿ ಖುಷಿಪಡುವವರಿಗೆ ಇದು ಕಾಣುವುದಿಲ್ಲ. ಗೇಜ್ ಬೇಡ ಎನ್ನುತ್ತಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಐಡಲಿನಲ್ಲಿ ಮುಳ್ಳು ಎಲ್ಲಿದೆ ಎಂದು ನೋಡಿ ಬರೆದಿಡಬೇಕು. ತಿಂಗಳಿಂದ ತಿಂಗಳಿಗೆ ಅದು ಇಳಿಯುತ್ತಿದ್ದರೆ ಬೇರಿಂಗ್ ಕಡೆ ಗಮನ ಹರಿಸಬೇಕು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ, ಅದನ್ನು ಹೇಳದಿದ್ದರೆ ಈ ಲೇಖನ ಓದಿ ಯಾರಾದರೂ ಎಂಜಿನ್ ಸುಟ್ಟುಕೊಂಡಾರು. ಹೊಗೆ ನಿಲ್ಲಿಸಲು ಕೆಲವರು ರಾಕರಿಗೆ ಹೋಗುವ ಎಣ್ಣೆ ಪೈಪಿನೊಳಗೆ ತಾಮ್ರದ ತಂತಿ ತುರುಕುತ್ತಾರೆ. ಹೊಗೆ ನಿಲ್ಲುತ್ತದೆ, ಖಂಡಿತ. ಆದರೆ ತಂತಿ ಅಲುಗಾಡುತ್ತದೆ, ಅದರ ಸುತ್ತ ಮಡ್ಡಿ ಕೂರುತ್ತದೆ, ಹಾದಿ ಪೂರ್ತಿ ಕಟ್ಟಿಕೊಳ್ಳುತ್ತದೆ. ಮೊದಲು ಟ್ಯಾಪೆಟ್ ಕಟಕಟ ಎನ್ನುತ್ತದೆ, ಬುಷ್ ಮತ್ತು ಶಾಫ್ಟ್ ತಿಂದುಕೊಂಡು ಹೋಗುತ್ತವೆ. ತಡೆ ಹಾಕಲೇಬೇಕಾದರೆ ಅಳತೆಯ ರಂಧ್ರ ಕೊರೆದ ಸ್ಕ್ರೂ ಹಾಕಬೇಕು. ಅದರಲ್ಲೂ ರಂಧ್ರದ ಅಳತೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ: ತೆಳು ತಡೆಯಲ್ಲಿ 2 ಮಿ.ಮೀ. ರಂಧ್ರವನ್ನು 1 ಮಿ.ಮೀ.ಗೆ ಇಳಿಸಿದರೆ ಹರಿವು ಕಾಲು ಭಾಗಕ್ಕೆ ಬರುತ್ತದೆ. ರಂಧ್ರ ಉದ್ದವಾಗಿದ್ದು ದಪ್ಪ ಎಣ್ಣೆ ನಿಧಾನ ಹರಿಯುವುದಾದರೆ ಹದಿನಾರರಲ್ಲಿ ಒಂದು ಭಾಗಕ್ಕೆ. ಅರ್ಧ ಮಾಡಿದೆ ಎಂದುಕೊಂಡವರು ಹದಿನಾರರಲ್ಲಿ ಒಂದು ಮಾಡಿರುತ್ತಾರೆ. ಮತ್ತು ಗೈಡ್, ಬುಷ್ ಸವೆದಿರುವುದನ್ನು ಮುಚ್ಚಿಡಲು ತಡೆ ಹಾಕುವುದು ನನ್ನ ಮಟ್ಟಿಗೆ ರಿಪೇರಿಯಲ್ಲ, ಮಾರಾಟಕ್ಕೆ ಮುನ್ನ ಮಾಡುವ ಮೇಕಪ್ಪು.

ಮೇಕಪ್ಪಿನ ಮಾತು ಬಂತು. ಹಳೆಯ ಟ್ರ್ಯಾಕ್ಟರುಗಳನ್ನು ‘ರಿಸ್ಟೋರ್’ ಮಾಡಿ ರೀಲ್ಸ್ ಹಾಕುವುದು ಈಗ ನಮ್ಮ ವಯಸ್ಸಿನವರಲ್ಲಿ ಜೋರಾಗಿದೆ. ನನಗೂ ನೋಡಲು ಇಷ್ಟ. ಆದರೆ ಬಹುತೇಕ ವಿಡಿಯೊಗಳಲ್ಲಿ ಬಣ್ಣ, ಸ್ಟಿಕ್ಕರ್, ಮ್ಯೂಸಿಕ್ ಸಿಸ್ಟಮ್ ಮಾತ್ರ ಕಾಣುತ್ತವೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವವರೂ ಮೊದಲು ಅದರ ಮೈ ತೊಳೆದು, ಕಾಲಿನ ಗೊರಸು ನೋಡುತ್ತಾರೆ.

ಇಷ್ಟೆಲ್ಲ ಹಳೆಯ ಗಾಡಿಗೆ ಯಾಕೆ, ಹೊಸದು ಕೊಂಡರಾಯಿತಲ್ಲ ಎಂದು ನನ್ನ ಗೆಳೆಯರೇ ಕೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಹೊಸ ಟ್ರ್ಯಾಕ್ಟರಿನ ಬ್ರೇಕು, ಸ್ಟೀರಿಂಗು, ಹೈಡ್ರಾಲಿಕ್ಸು ಉತ್ತಮ, ದಿನವಿಡೀ ಕೂತವನ ಬೆನ್ನಿಗೆ ಒಳ್ಳೆಯದು. ಹೆಚ್ಚು ಹೊಲ ಇರುವವರು, ಬಾಡಿಗೆಗೆ ದುಡಿಸುವವರು ಕೊಳ್ಳಲಿ. ಆದರೆ ನಾಲ್ಕೈದು ಎಕರೆಯವನಿಗೆ ವರ್ಷದಲ್ಲಿ ಕೆಲವೇ ವಾರ ಟ್ರ್ಯಾಕ್ಟರ್ ಬೇಕು, ಕಂತು ಮಾತ್ರ ವರ್ಷವಿಡೀ ಬರುತ್ತದೆ. ಕಾಲುವೆಗೆ ನೀರು ತಡವಾದರೂ ಬ್ಯಾಂಕಿನ ಕಂತು ತಡವಾಗುವುದಿಲ್ಲ. ಅಂಥವನಿಗೆ ಹಳೆಯ ಎಂಜಿನ್ನು ಇನ್ನೊಂದು ಹತ್ತು ವರ್ಷ ಬಾಳುವುದು ಭಾವನೆಯ ವಿಷಯವಲ್ಲ, ಲೆಕ್ಕದ ವಿಷಯ.

ಹಳೆಯ ಎಂಜಿನ್ನುಗಳು ಬಾಳಲು ಬೇಕಾದ ಇನ್ನೊಂದು ಸಂಗತಿ ಬಿಡಿಭಾಗ ಮತ್ತು ಮಾಹಿತಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಎಚ್‌ಎಂಟಿ, ಚೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸವನ್ನು ತಂದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರು ಮಾಡಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆ ಮುಚ್ಚಿದರೂ ಟ್ರ್ಯಾಕ್ಟರುಗಳು ಹೊಲದಲ್ಲಿ ಉಳಿದಿವೆ. ಅವುಗಳ ಎಣ್ಣೆ ಹಾದಿ ಹೇಗಿದೆ, ಯಾವ ಒತ್ತಡ ಸರಿ, ಯಾವ ಸಂದು ಎಷ್ಟಿರಬೇಕು ಎಂಬುದು ಗೊತ್ತಿರುವ ಹಿರಿಯ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಜೊತೆ ಕೃಷಿ ಯಂತ್ರಗಳನ್ನೂ ಸೇರಿಸಿತ್ತು. ಒಳ್ಳೆಯ ಹೆಜ್ಜೆ. ಆದರೆ ಹಕ್ಕು ಎಂದರೆ ಬಿಡಿಭಾಗ ಸಿಗುವುದಷ್ಟೇ ಆಗಬಾರದು. ರಿಪೇರಿ ಮಾಡುವವನ ಭಾಷೆಯಲ್ಲಿ ಪುಸ್ತಕವೂ ಸಿಗಬೇಕು. ರಾಕರ್ ಶಾಫ್ಟಿನ ಸೀಳಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಇದ್ದಿದ್ದರೆ ನಮ್ಮ ಮನೆಯ ಟ್ರ್ಯಾಕ್ಟರ್ ಎರಡು ವರ್ಷ ಹೊಗೆ ಬಿಡುತ್ತಿರಲಿಲ್ಲ.

ಹೊಸ ತಂತ್ರಜ್ಞಾನದ ಕಾಲದಲ್ಲಿ ಇದನ್ನೆಲ್ಲ ಕಲಿತು ಕೆಲಸ ಸಿಗುತ್ತದೆಯೇ ಎಂಬುದು ಈ ಪುಟ ಓದುವವರ ನ್ಯಾಯವಾದ ಪ್ರಶ್ನೆ. 50 ಎಚ್‌ಪಿ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್–4 ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಇಂಜೆಕ್ಷನ್ ಬರುತ್ತಿದೆ. ಸಣ್ಣ ಟ್ರ್ಯಾಕ್ಟರುಗಳೂ ಒಂದು ದಿನ ಅದೇ ದಾರಿ ಹಿಡಿಯುತ್ತವೆ. ಆದರೂ ಸೆನ್ಸರ್ ಇರುವ ಎಂಜಿನ್ನಿನಲ್ಲೂ ಬೇರಿಂಗಿನ ಸಂದು ಘನದ ಲೆಕ್ಕದಲ್ಲೇ ಸೋರುತ್ತದೆ. ಸ್ಕ್ಯಾನರ್ ‘ಆಯಿಲ್ ಪ್ರೆಷರ್ ಲೋ’ ಎಂದು ತೋರಿಸೀತು. ಪಂಪು ಕೆಟ್ಟಿದೆಯೋ, ಕೋಡಿಯ ಸ್ಪ್ರಿಂಗ್ ಸತ್ತಿದೆಯೋ, ಬೇರಿಂಗ್ ಸವೆದಿದೆಯೋ ಎಂದು ಬೇರ್ಪಡಿಸುವುದು ಇನ್ನೂ ಮನುಷ್ಯನ ಕೆಲಸ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇಂಗ್ಲಿಷು ತಡವರಿಸುವ ನಮ್ಮಂಥವರಿಗೆ, ಒಂದು ಎಂಜಿನ್ನಿನ ದೋಷವನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಹುಡುಕಿದೆ ಎಂದು ಹೇಳಲು ಇದ್ದರೆ ಮಾತು ತಾನಾಗಿ ಬರುತ್ತದೆ ಎಂದು ನನ್ನ ನಂಬಿಕೆ.

ಕಾಲೇಜುಗಳ ಬಗ್ಗೆ ಒಂದು ಅಸಮಾಧಾನ ಹೇಳಲೇಬೇಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ನಗರದ ಅಂಗಡಿಗಳಿಂದ ವರದಿ ಸಮೇತ ಕೊಂಡು ತರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹಳೆಯ ಟ್ರ್ಯಾಕ್ಟರಿನ ಎಣ್ಣೆ ಹರಿವಿನ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎಂದಾಗ ನನಗೆ ಬಂದ ಮೊದಲ ಉತ್ತರ, ‘ಅದ್ರಾಗ ಹೊಸದೇನದ ತಮ್ಮಾ?’ ಎಂದು. ಹೊಸದು ಇದೆ ಸರ್. ಯಾವ ಬಿಸಿಯಲ್ಲಿ, ಯಾವ ವೇಗದಲ್ಲಿ, ಶಾಫ್ಟಿನ ಯಾವ ಕೋನಕ್ಕೆ ನಿಮಿಷಕ್ಕೆ ಎಷ್ಟು ಎಣ್ಣೆ ಎಂದು ಸವೆದ ಎಂಜಿನ್ನಿನ ಮೇಲೆ ಅಳೆದ ಒಂದು ಕೋಷ್ಟಕ ನಮ್ಮ ತಾಲ್ಲೂಕಿನ ಯಾವ ಗ್ಯಾರೇಜಿನ ಗೋಡೆಯ ಮೇಲೂ ಇಲ್ಲ. ಅಳೆಯಲು ಬೇಕಾಗುವುದು ಅಳತೆಯ ಗುರುತಿರುವ ಬಾಟಲಿ, ಥರ್ಮಾಮೀಟರ್, ಟ್ಯಾಕೊಮೀಟರ್, ಗಡಿಯಾರ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ 1970ರ ದಶಕದಿಂದಲೂ ನೆರವು ಕೊಡುತ್ತ ಬಂದಿದೆ. ಅದಕ್ಕೆ ಅರ್ಜಿ ಹಾಕಲು ರೋಬೊ ಬೇಕಿಲ್ಲ.

ನಾನು ಕೊನೆಯ ವರ್ಷದ ತನಕ ಕಾಯದೆ ಕೆಲಸ ಶುರು ಮಾಡಿದ್ದೇನೆ. ಒಂದು ಎಂಜಿನ್ನಿಗೆ ಒಂದು ಹಾಳೆ, ಎಲ್ಲವೂ ಕನ್ನಡದಲ್ಲಿ: ಎಣ್ಣೆ ಹಾದಿಯ ಚಿತ್ರ, ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಬಿಸಿ ಎಂಜಿನ್ನಿನಲ್ಲಿ ಮುಳ್ಳು ಎಲ್ಲಿರಬೇಕು, ಹೊಗೆಯ ಗುರುತು ಯಾವುದಕ್ಕೆ ಯಾವುದು. ನಮ್ಮ ಮನೆಯ ಮೂರು ಸಿಲಿಂಡರಿನ ಹಾಳೆ ಮುಗಿದಿದೆ; ಲ್ಯಾಮಿನೇಟ್ ಮಾಡಿಸಿ ಟೂಲ್ ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿದ್ದೇವೆ. ಎರಡನೆಯ ಹಾಳೆಗೆ ಎಚ್‌ಎಂಟಿಯ ಎರಡು ಸಿಲಿಂಡರಿನ 2511 ಬೇಕು. ಸುರಪುರ, ಹುಣಸಗಿ, ಶಹಾಪುರದ ಕಡೆ ಯಾರ ಮನೆಯಲ್ಲಾದರೂ ಅದು ಇನ್ನೂ ನಡೆಯುತ್ತಿದ್ದು, ಟ್ಯಾಪೆಟ್ ಕವರ್ ತೆಗೆದು ನೋಡಲು ಬಿಡುವುದಾದರೆ ಸ್ಪ್ಯಾನರ್ ನಾನೇ ತರುತ್ತೇನೆ, ಗ್ಯಾಸ್ಕೆಟ್ಟಿನ ಖರ್ಚೂ ನನ್ನದೇ.